ಅಜ್ಜಿಯ ಸಾಲಿನ ಗೂಟ

ನಿನ್ನೆ ಸೊಸೆ ಜೋಳದ ಡಬ್ಬಿ ತೆರೆದಾಗ ಬೂದಿ, ಬೇವಿನೆಲೆಯ ವಾಸನೆ ಬಂತು ನೋಡ್ರಿ, ಕೆಂಭಾವಿ ಹತ್ತಿರದ ನಮ್ಮ ಹೊಲ ಕಣ್ಣ ಮುಂದೆ ನಿಂತಿತು.

ನಾನು ಸಣ್ಣವಳಿದ್ದಾಗ ಅಲ್ಲಿಗೆ ಕಾಲುವೆ ನೀರು ಹೊಸದಾಗಿ ಬಂದಿತ್ತು. ಪರದೇಶದ ನೆರವಿನ ಯೋಜನೆಯ ಗ್ರಾಮಸೇವಕ ನಮ್ಮಲ್ಲಿ ಆರು ಸಾಲು ಜೋಳ ಬಿತ್ತಿಸಿ, ಸಾಲಿಗೊಂದು ನಂಬರಿನ ಗೂಟ ನೆಟ್ಟ. ಐದು ಹೊಸ ತಳಿ. ಆರನೆಯದು ಅಜ್ಜಿ ಬೂದಿ, ಬೇವಿನೆಲೆ ಬೆರೆಸಿ ಮಡಕೆಯಲ್ಲಿ ಕಾಪಾಡಿದ ಬೀಜ.

"ನಿಮ್ಮದು ಗೆದ್ರ ಊರಿಗೆಲ್ಲ ಅದನ್ನೇ ಹಂಚತೀವಿ, ಆಯಿ" ಎಂದ ಅಜ್ಜಿಗೆ.

"ಗೆಲ್ತದ ತಮ್ಮಾ. ನಿನ್ನಂಥ ಸಣಕಲನ್ನೂ ದಪ್ಪ ಮಾಡೋ ಜೋಳ ಅದು!"

ತಿಂಗಳಾದರೂ ಅಜ್ಜಿಯ ಸಾಲು ಗಿಡ್ಡಗಿತ್ತು. ಅಜ್ಜಿ ಸೋಲಬಾರದೆಂದು ನಾನು ಅದರ ಗೂಟವನ್ನು ಎಲ್ಲಕ್ಕಿಂತ ಎತ್ತರದ ಸಾಲಿಗೆ ನೆಟ್ಟು, ಅಲ್ಲಿನ ಗೂಟವನ್ನು ಅಜ್ಜಿಯ ಸಾಲಿಗೆ ತಂದು ನೆಟ್ಟೆ.

ಆಮೇಲೆ ಎತ್ತರದ ಸಾಲಿಗೆ ಹುಳ ಬಿತ್ತು. ಗಿಡ್ಡ ಸಾಲು ಮುಷ್ಟಿಗಾತ್ರದ ತೆನೆ ಹೊತ್ತಿತು.

"ಆ ತೆನಿ ನನ್ನವೇ ಅದಾವಲ್ಲೋ" ಎಂದಳು ಅಜ್ಜಿ.

"ಗೂಟ ಸುಳ್ಳು ಹೇಳತದೇನ್ರಿ?" ಎಂದು ಗ್ರಾಮಸೇವಕ ನಕ್ಕ.

ಅಜ್ಜಿ ನನ್ನತ್ತ ತಿರುಗಿದಳು. "ನೀ ದಿನಾ ಇಲ್ಲೇ ಆಡತಿದ್ದಿ. ಹೇಳವ್ವಾ."

ಬೈಗುಳಕ್ಕೆ ಹೆದರಿ ನಾನು ಬಾಯಿ ಬಿಡಲಿಲ್ಲ.

"ನನ್ನ ಕಣ್ಣೇ ಹೋಗ್ಯಾವ" ಎಂದ ಅಜ್ಜಿ ಮಡಕೆಯ ಬೀಜವನ್ನೆಲ್ಲ ಗಿರಣಿಗೆ ಕಳಿಸಿದಳು. ಆ ಹಿಟ್ಟಿನ ರೊಟ್ಟಿ ನಾನೂ ತಿಂದೆ.

"ಇದು ಬೀಜಕ್ಕ ಛಲೋ ಅನಸ್ತದ, ಅತ್ತಿ. ಇಡ್ಲೇನ್ರಿ?" ನಿನ್ನೆ ಸೊಸೆ ಡಬ್ಬಿಯ ಜೋಳ ಅಂಗೈಯಲ್ಲಿ ಹಿಡಿದು ಕೇಳಿದಳು.

ಅಜ್ಜಿಗೆ ಹೇಳಬೇಕಿದ್ದ ಮಾತನ್ನು ಅವಳಿಗೆ ಹೇಳಿದೆ:

"ನಿನ್ನ ಕಣ್ಣು ಸರಿ ಅದಾವವ್ವಾ. ಇಡು."