ಅಕ್ಕೋರ ಮನೆಗೆ ಬಂದಿದ್ದ ಲೂಸಿ

ಇಳಕಲ್ಲಿನ ನಮ್ಮ ಓಣಿಯ ಹುಡುಗರಿಗೆ ಆಗೆಲ್ಲ ಬೇಸಿಗೆ ಸೂಟಿ ಎಂದರೆ ಬೆಳಿಗ್ಗೆ ಚಿಣಿಪಣಿ ಆಟ, ಮಧ್ಯಾಹ್ನ ಕದ್ದ ಮಾವಿನಕಾಯಿಗೆ ಉಪ್ಪು-ಖಾರ, ಸಂಜೆ ಒಬ್ಬರ ಮೇಲೊಬ್ಬರು ಚಾಡಿ. ನನಗೆ ಇನ್ನೊಂದು ಹೆಚ್ಚಿನ ಕೆಲಸವಿತ್ತು, ಊರವರ ದನಿ ಕದಿಯುವುದು. ಹುನಗುಂದ ಬಸ್ಸಿನ ಕಂಡಕ್ಟರು ಮೂಗಿನಿಂದ ಕೂಗುವುದು, ಹಿಟ್ಟಿನ ಗಿರಣಿಯ ಕಾಕಾ ಕೆಮ್ಮಿನ ನಡುವೆ ಬೈಯುವುದು, ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಆಕಳಿಸುವುದು, ಯಾವುದನ್ನು ಕೇಳಿದರೂ ತೆಗೆದು ತೋರಿಸುತ್ತಿದ್ದೆ. ಏಟು ತಿಂದು ಅಳುವ ನನ್ನ ದನಿಯನ್ನೂ ನಾನೇ ಆಡಿ ತೋರಿಸುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ನಗು ಬೀಳುತ್ತಿದ್ದುದು ಅದಕ್ಕೇ.

ಇಷ್ಟೆಲ್ಲ ಬರುತ್ತಿದ್ದ ಬಾಯಿಗೆ ಇಂಗ್ಲಿಷ್ ಮಾತ್ರ ಬರುತ್ತಿರಲಿಲ್ಲ. ಐದನೇ ಇಯತ್ತೆ ಮುಗಿದಿತ್ತು. ಜೂನಿನಿಂದ ಬಾಗಲಕೋಟೆಯ ಇಂಗ್ಲಿಷ್ ಮಾಧ್ಯಮದ ಶಾಲೆ, ಅಲ್ಲೇ ಹಾಸ್ಟೆಲ್. ಮನೆಯಲ್ಲಿ ಕೂತು ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುತ್ತಿದ್ದ ಅವ್ವ ಒಂದು ದಿನ ತಲೆ ಎತ್ತಿದಳು.

"ಗಿರಿಜಾ ಅಕ್ಕೋರ್ನ ಕೇಳೇನಿ. ದಿನಾ ನಾಕಕ್ಕ ಹೋಗು, ಇಂಗ್ಲಿಷ್ ಮಾತಾಡಾಕ ಕಲಸ್ತಾರ. ಅವರ ಗ್ವಾಡಿಮ್ಯಾಲ ಒಂದು ಫೋಟೋ ಐತಿ. ಯಾರದಂತ ಕೇಳಿಗೀಳಿ, ನೋಡು!"

"ಯಾರದು?"

"ಅವರ ಮಗಳದು. ತೀರಿಕೊಂಡಾಳ. ಬಾಯಿ ಮುಚಗೊಂಡು ಕಲಿ."

"ಬಾಯಿ ಮುಚಗೊಂಡು ಮಾತಾಡಾಕ ಹೆಂಗ ಕಲೀಲವ್ವಾ?"

ಕೊಂಡಿ ಬಿಟ್ಟು ಕೈ ಎತ್ತಿದಳು. ನಾನು ಅಷ್ಟರಲ್ಲಿ ಹೊಸ್ತಿಲು ದಾಟಿದ್ದೆ.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ನಿಮ್ಮ ಓಣಿಯಲ್ಲೂ ಅಂಥವರೊಬ್ಬರು ಇದ್ದಿರಬೇಕು. ಗಿರಿಜಾ ಅಕ್ಕೋರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ಒಬ್ಬರೇ ಇದ್ದರು. ಮನೆಯ ನೆಲ ಕೆಂಪು ಕಲ್ಲಿನದು. ಮಧ್ಯಾಹ್ನ ಅದಕ್ಕೆ ನೀರು ಚಿಮುಕಿಸಿ ಒರೆಸುತ್ತಿದ್ದರು. ಒಳಗೆ ಕಾಲಿಟ್ಟರೆ ಒದ್ದೆ ಕಲ್ಲು ಮತ್ತು ಕರ್ಪೂರದ ವಾಸನೆ. ಗೋಡೆಯ ಫೋಟೋದಲ್ಲಿ ಎರಡು ಜಡೆಯ, ಕೆಂಪು ರಿಬ್ಬನ್ನಿನ ಹುಡುಗಿ. ನನ್ನಷ್ಟೇ ಇದ್ದಾಳು.

ಮೊದಲ ವಾರ ಇಬ್ಬರಿಗೂ ಶಿಕ್ಷೆ. ಒಬ್ಬನೇ ವಿದ್ಯಾರ್ಥಿ ಇರುವ ಪಾಠದಲ್ಲಿ ಹಿಂದಿನ ಬೆಂಚು ಎಂಬುದೇ ಇರುವುದಿಲ್ಲ. ಅಕ್ಕೋರು ಚಿತ್ರದ ಪುಸ್ತಕ ತೋರಿಸಿದರು, ಹಾವು-ಏಣಿ ಆಡಿಸಿದರು, ಅಡುಗೆಮನೆಗೆ ಕರೆದೊಯ್ದು ಸೌಟು ಸಾಣಿಗೆಗೆಲ್ಲ ಇಂಗ್ಲಿಷ್ ಹೆಸರು ಹೇಳಿಸಿದರು. ನಾನು ಯಸ್, ನೋ ಬಿಟ್ಟು ಮುಂದೆ ಹೋಗಲಿಲ್ಲ. ಕೊನೆಗೊಮ್ಮೆ ಬಾಯಿ ಅಗಲಿಸಿ ಆಕಳಿಸಿದೆ.

ಅಕ್ಕೋರು ಪುಸ್ತಕ ಕೆಳಗಿಟ್ಟರು. "ಲೇ, ಇದು ನಿಮ್ಮ ಹೆಡ್‌ಮಾಸ್ತರ ಆಕಳಿಕಿ ಅಲ್ಲೇನು?"

"ಹೌದ್ರಿ."

ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮರುದಿನ ಹೋದರೆ ಪಡಸಾಲೆಯಲ್ಲಿ ಎರಡರ ಬದಲು ಮೂರು ಕುರ್ಚಿಗಳಿದ್ದವು. ಮೂರನೆಯದು ಸಣ್ಣ ಬೆತ್ತದ ಕುರ್ಚಿ.

"ಇಲ್ಲಿ ಲೂಸಿ ಕುಂತಾಳ. ಪರದೇಶದಾಕಿ. ಆಕಿಗೆ ಕನ್ನಡ ಒಂದಕ್ಷರ ಬರೂದಿಲ್ಲ."

"ಭಾಳ ಚಲೋ ಆತ್ರಿ. ಬೈದ್ರೂ ತಿಳಿಯೂದಿಲ್ಲ."

"ಇಂಗ್ಲಿಷಿನ್ಯಾಗ ಬೈಯಿ, ನೋಡೂಣು. ಆಕಿ ದನೀನೂ ನೀನ ತಗಿ. ಒಂದ ಶಬ್ದದ ಉತ್ತರ ನಡಿಯೂದಿಲ್ಲ. ಯಾಕಂತ ಹೇಳಬೇಕು. ಬಿಕಾಸ್ ಬರಬೇಕು."

ಚೆನ್ನಾಗಿ ಮಾತಾಡಿದ ದಿನ ಅಮೀನಗಡದ ಕರದಂಟಿನ ಒಂದು ತುಂಡು. ಆ ಅಂಟು-ಬೆಲ್ಲದ ಸಿಹಿಗೆ ನಾನು ಯಾವ ದೇಶದ ಹುಡುಗಿಯೂ ಆಗಬಲ್ಲವನಾಗಿದ್ದೆ.

ಪರದೇಶದ ಹುಡುಗಿಯ ದನಿಯನ್ನು ನಾನು ಎಲ್ಲಿ ಕೇಳಿದ್ದೆ? ಎದುರಿಗೆ ಕೂತಿದ್ದವರದನ್ನೇ ಕದ್ದೆ. ಅಕ್ಕೋರು ಮಾತಿನ ತುದಿಯನ್ನು ಮೆಲ್ಲಗೆ ಮೇಲಕ್ಕೆಳೆದು ಬಿಡುತ್ತಿದ್ದರು. ಆ ಎಳೆತವನ್ನೇ ಸಣ್ಣ ಮಾಡಿ, ತೆಳ್ಳಗೆ ಮಾಡಿ, "ಗುಡ್ ಈವ್ನಿಂಗ್, ಐ ಆಮ್ ಲೂಸಿ" ಎಂದೆ. ಪುಟ ತಿರುಗಿಸುತ್ತಿದ್ದ ಅವರ ಕೈ ನಿಂತುಹೋಯಿತು. ತಾಯಿಯ ದನಿಯನ್ನು ಸಣ್ಣದು ಮಾಡಿದರೆ ಯಾರ ದನಿ ಬರುತ್ತದೆಂದು ಹತ್ತು ವರ್ಷದ ನನಗೆ ಹೊಳೆಯಲಿಲ್ಲ.

"ಇನ್ನೊಮ್ಮೆ ಅನ್ನು" ಎಂದರು.

ಅಲ್ಲಿಂದ ಪಾಠಕ್ಕೆ ಜೀವ ಬಂತು. ಐದಕ್ಕೆ ಮುಗಿಯಬೇಕಾದದ್ದು ಆರಾದರೂ ಮುಗಿಯುತ್ತಿರಲಿಲ್ಲ. ನಾನು ಲೂಸಿಗೆ ಕಂಡಕ್ಟರನ ಕಥೆ ಹೇಳುತ್ತಿದ್ದೆ, ಲೂಸಿ ನನ್ನನ್ನು ಮಂಗ ಎನ್ನುತ್ತಿದ್ದಳು, ನಾನು ಅವಳನ್ನು ಕತ್ತೆ ಎನ್ನುತ್ತಿದ್ದೆ, ಪ್ರತಿ ಬೈಗುಳಕ್ಕೂ ಒಂದು ಬಿಕಾಸ್. ಪಕ್ಕದ ಮನೆಯ ಅಮ್ಮ ಒಂದು ದಿನ ಗೋಡೆಯಾಚೆಯಿಂದ ಕೇಳಿದಳು.

"ಯಾವ ಹುಡುಗಿ ಬಂದೈತ್ರಿ ಅಕ್ಕೋರ ನಿಮ್ಮ ಮನಿಗೆ?"

ನಾನು ನಗಲು ಬಾಯಿ ತೆರೆದೆ. ಅಕ್ಕೋರು ನಗಲಿಲ್ಲ. "ಬಂದಾಳ್ರಿ" ಎಂದಷ್ಟೇ ಹೇಳಿದರು.

ಪ್ರಶ್ನೆಗಳು ಯಾವಾಗ ಬದಲಾದವೋ ತಿಳಿಯದು. ಮೊದಮೊದಲು ಏನು ತಿಂದೆ, ಏನು ಆಡಿದೆ ಎಂದು ಇಬ್ಬರನ್ನೂ ಕೇಳುತ್ತಿದ್ದರು. ಬರಬರುತ್ತ ನನ್ನನ್ನು ಕೇಳುವುದು ಕಡಿಮೆಯಾಯಿತು. ಕುರ್ಚಿಯ ಕಡೆ ತಿರುಗಿ, "ಲೂಸಿ, ಈಸ್ ಇಟ್ ಡಾರ್ಕ್ ದೇರ್?" ಎಂದರು ಒಂದು ಸಂಜೆ.

"ನೋ. ಬಿಕಾಸ್ ದೇರ್ ಈಸ್ ಎ ಟ್ಯೂಬ್‌ಲೈಟ್."

ಅಷ್ಟಕ್ಕೇ ಅಕ್ಕೋರ ಮುಖ ಅರಳಿತು. ಅಂದು ಕರದಂಟು ಎರಡು ತುಂಡು.

ಅವರು ಯಾರ ಜೊತೆ ಮಾತಾಡುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ ಎಂದರೆ ಸುಳ್ಳಾದೀತು. ಫೋಟೋದ ಕಡೆ ನೋಡುವುದನ್ನು ಬಿಟ್ಟಿದ್ದೆ. ಕುರ್ಚಿಯ ಬದಿಗೆ ಕೂರಲು ಹೆದರಿಕೆಯಾಗುತ್ತಿತ್ತು. ಆದರೂ ನಾಲ್ಕು ಗಂಟೆಗೆ ಓಡುತ್ತಿದ್ದೆ. ಓಣಿಯವರೆಲ್ಲ ನನ್ನ ದನಿಗೆ ನಗುತ್ತಿದ್ದರು. ಹಾಗೆ ಮೈಯೆಲ್ಲ ಕಿವಿಯಾಗಿ ಕೇಳಿದವರು ಅವರೊಬ್ಬರೇ. ಹೆದರಿಕೆಗಿಂತ ಜಂಬ ದೊಡ್ಡದಿತ್ತು.

ಮೇ ತಿಂಗಳ ಕೊನೆಯ ಒಂದು ದಿನ. ಕರೆಂಟು ಹೋಗಿ ಕೂಲರು ನಿಂತಿತ್ತು. ದೂರದಲ್ಲಿ ಮಗ್ಗದ ಸದ್ದು ಮಾತ್ರ. ಅಕ್ಕೋರು ಕುರ್ಚಿಯ ಕಡೆ ಬಾಗಿ ಕೇಳಿದರು.

"ಲೂಸಿ, ಆರ್ ಯು ಆಂಗ್ರಿ ವಿತ್ ಮಿ?"

ನೋ ಎಂದುಬಿಟ್ಟರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಸಿಟ್ಟಾದ ಹುಡುಗಿಯ ಮುನಿಸಿನ ದನಿ ನನಗೆ ಬಹಳ ಚೆನ್ನಾಗಿ ಬರುತ್ತಿತ್ತು, ಅದನ್ನು ಇನ್ನೂ ತೋರಿಸಿರಲಿಲ್ಲ. ತುಟಿ ಮುಂದೆ ಮಾಡಿ, "ಯಸ್" ಎಂದೆ. ಬಿಕಾಸ್ ಬೇಕಲ್ಲ? ಹಿಂದಿನ ವಾರ ಕಲಿತದ್ದರಲ್ಲಿ ಮೂರು ನೆನಪಾದವು: ಡಿಡ್ ನಾಟ್ ಈಟ್, ಡಿಡ್ ನಾಟ್ ಪ್ಲೇ, ಡಿಡ್ ನಾಟ್ ಕಮ್. ಬಾಯಿಗೆ ಬಂದದ್ದನ್ನು ಆರಿಸಿದೆ.

"ಬಿಕಾಸ್ ಯು ಡಿಡ್ ನಾಟ್ ಕಮ್."

ಅಕ್ಕೋರು ಎದ್ದು ಒಳಗೆ ಹೋದರು. ಬಚ್ಚಲಲ್ಲಿ ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿತು. ಮುಖ ತೊಳೆದುಕೊಂಡು ಬಂದವರು, "ಇವತ್ತಿಗೆ ಸಾಕಪಾ" ಎಂದು ನನ್ನ ಕೈಗೆ ಕರದಂಟು ಇಟ್ಟರು. ಬೆರಳು ತಣ್ಣಗಿದ್ದವು.

ಮರುದಿನ ಎರಡೇ ಕುರ್ಚಿ.

"ಲೂಸಿ ಎಲ್ಲ್ಯದಾಳ್ರಿ?"

"ಊರಿಗೆ ಹೋದಳು. ಪುಸ್ತಕ ತಗಿ."

ರಾತ್ರಿ ಊಟಕ್ಕೆ ಕೂತಾಗ ಅವ್ವನನ್ನು ಕೇಳಿದೆ, ಅಕ್ಕೋರ ಮಗಳಿಗೆ ಏನಾಗಿತ್ತು ಎಂದು. ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಅವಳು ಹೇಳಿದಳು: "ಜ್ವರ ಬಂದಿತ್ತು. ಅಕ್ಕೋರು ಧಾರವಾಡಕ್ಕ ಪರೀಕ್ಷಾ ಪೇಪರ ತಿದ್ದಾಕ ಹೋಗಿದ್ರು. ಸಾದಾ ಜ್ವರ ಅಂತ ತಿಳಿದು ಕೆಲಸ ಮುಗಿಸೇ ಬರ್ತೇನಿ ಅಂದ್ರಂತ. ಕೂಸು ಮೂರು ದಿನ ಬಾಗಲಾ ನೋಡಿತು. ಇವರು ಬರೂದರಾಗ ಮುಗದಿತ್ತು. ಯಾಕಪಾ, ನೀ ಏನರ ಅಂದಿಯೇನು?"

"ಇಲ್ಲವಾ" ಎಂದೆ. ಆ ಸುಳ್ಳು ನನ್ನದೇ ದನಿಯಲ್ಲಿತ್ತು.

ಸೂಟಿ ಮುಗಿಯಲು ಎಂಟು ದಿನವಿತ್ತು. ದಿನಾ ದಾರಿಯುದ್ದಕ್ಕೂ ಲೂಸಿಯ ದನಿಯಲ್ಲಿ "ನೋ, ಐ ಆಮ್ ನಾಟ್ ಆಂಗ್ರಿ" ಎಂದು ಅಭ್ಯಾಸ ಮಾಡಿಕೊಂಡು ಹೋಗುತ್ತಿದ್ದೆ. ಅವರೆದುರು ಕೂತೊಡನೆ ಪುಸ್ತಕ ತೆರೆದು ಓದತೊಡಗುತ್ತಿದ್ದೆ. ಊರಿಗೆಲ್ಲ ಕೀಟಲೆ ಮಾಡುವ ಶೂರ, ಐದು ಶಬ್ದ ಹೇಳಲಾರದೆ ಬಾಗಲಕೋಟೆಯ ಬಸ್ಸು ಹತ್ತಿದೆ.

ಹಾಸ್ಟೆಲಿನಲ್ಲಿ ಇಂಗ್ಲಿಷ್ ಬಂತು. ಸೂಟಿಗೆ ಬಂದಾಗಲೆಲ್ಲ ಅಕ್ಕೋರ ಬಾಗಿಲ ಮುಂದೆ ಹಾದು, ನಾಳೆ ಹೋದರಾಯಿತು ಎನ್ನುತ್ತಿದ್ದೆ. ಹದಿಮೂರು ತುಂಬಿದ ವರ್ಷ ದೀಪಾವಳಿಗೆ ಬಂದವನು ಗಟ್ಟಿ ಮನಸ್ಸು ಮಾಡಿ ಒಳಗೆ ಹೋದೆ. ಅಕ್ಕೋರು ಬಡವಾಗಿದ್ದರು. ಲೂಸಿಯ ದನಿ ತೆಗೆಯಲು ಬಾಯಿ ತೆರೆದೆ. ಹೊರಟದ್ದು ಒಡೆದ ತಪೇಲಿಯಂಥ ಸದ್ದು. ಮತ್ತೆ ಪ್ರಯತ್ನಿಸಿದೆ. ಇನ್ನೂ ಕೆಟ್ಟದಾಗಿತ್ತು.

"ಏನೋ ಇದು! ಗಂಡಸರ ದನಿ ಬಂದೈತಲ್ಲೋ ನಿನಗ" ಎಂದು ನಕ್ಕರು.

ನಾನು ನಗಲಿಲ್ಲ. ಆ ಒಡೆದ ದನಿಯಲ್ಲೇ ಹೇಳಿದೆ, "ಅಕ್ಕೋರ, ಆಕಿಗೆ ನಿಮ್ಮ ಮ್ಯಾಲ ಸಿಟ್ಟಿಲ್ರಿ."

ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. "ಹೌದಪಾ. ಅದನ್ನ ನೀ ಹೇಳಾಕತ್ತಿ, ಆಕಿ ಅಲ್ಲ."

"ಸಿಟ್ಟೈತಿ ಅಂತ ಅವತ್ತೂ ನಾನ ಹೇಳಿದ್ದ್ರಿ. ಆಟಕ್ಕ ಹೇಳಿದೆ. ಖರೇ ಅಂದ್ರ ಖರೇ, ನಾನ ಅಂದದ್ರಿ ಅಕ್ಕೋರ."

ಸಮಾಧಾನಕ್ಕೆಂದು ಸುಳ್ಳು ಹೇಳುವ ಒಳ್ಳೆಯ ಹುಡುಗನನ್ನು ನೋಡುವಂತೆ ನೋಡಿದರು. "ಚಾ ಮಾಡ್ತೇನಿ, ಕುಂದ್ರು" ಎಂದು ಒಳಗೆ ಹೋದರು.

ಅಕ್ಕೋರು ಈಗಿಲ್ಲ. ಆ ಮನೆಯಲ್ಲಿ ಮೊಬೈಲು ರಿಪೇರಿಯವನಿದ್ದಾನೆ. ಕೆಂಪು ಕಲ್ಲಿನ ಮೇಲೆ ಬಿಳಿ ಫರಸಿಕಲ್ಲು ಹಾಕಿಸಿದ್ದಾನೆ. ನಾನು ಇಂದಿಗೂ ದನಿ ತೆಗೆಯುತ್ತೇನೆ, ಮೊಬೈಲಿನಲ್ಲಿ ವಿಡಿಯೋ ಹಾಕುತ್ತೇನೆ. ಜನ ನಗುತ್ತಾರೆ, ಬೈಯುತ್ತಾರೆ, ಇದು ನಾನೇ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಅದು ನಾನಲ್ಲ ಎಂದು ನಂಬಿದವರು ಅಕ್ಕೋರೊಬ್ಬರೇ. ಆ ಹುಡುಗಿಯ ದನಿ ಹಾಸ್ಟೆಲಿನ ಯಾವ ದಿನ ನನ್ನ ಗಂಟಲು ಬಿಟ್ಟು ಹೋಯಿತೋ, ನಾನು ಗಮನಿಸಲೂ ಇಲ್ಲ. ಯಸ್ ಎಂದವಳು, ನೋ ಎನ್ನದೆಯೇ ಹೋಗಿಬಿಟ್ಟಳು.