ಸೋಮವಾರ ಬಿಟ್ಟ ಸೂಜಿ

ಅಕ್ಕಿಆಲೂರಿನ ಬಸ್ಸಿನಲ್ಲಿ, ನಾನು ಶಿಕ್ಷಕಿಯೆಂದು ತಿಳಿದ ಪಕ್ಕದ ಹೆಂಗಸು ಚೀಲದಿಂದ ಗುಳಿಗೆಯೊಂದನ್ನು ತೆಗೆದು ತೋರಿಸಿದರು.

“ಅಕ್ಕೋರ, ಇದು ವಾರಕ್ಕೊಂದು ವಿಟಮಿನ್ ಡಿ. ಸೋಮವಾರ ಉಪವಾಸ ಇರ್ತೇನ್ರಿ. ಅವತ್ತ ಇದನ್ನ ನುಂಗಿ ಇನ್ಸುಲಿನ್ ಸೂಜಿ ತಗೊಳ್ಳೂದು ಬಿಡ್ತೇನಿ.”

“ಡಾಕ್ಟರ್ ಹಂಗ ಹೇಳ್ಯಾರೇನ್ರಿ?”

“ಅವ್ರನ್ನೇನ್ ಕೇಳೂದ್ರಿ? ಎರಡೂ ಔಷಧಾನ ಅಲ್ಲೇನು!”

ನನ್ನ ಯಜಮಾನರೂ ಹಾಗೆಯೇ ಮಾಡುತ್ತಿದ್ದರು. ಗುಳಿಗೆ ನುಂಗಲು ಹಾಲು ಕಾಸಿ ಕೊಟ್ಟವಳು ನಾನೇ. ಅದು ಎಲುಬಿಗೆ, ಸೂಜಿ ಸಕ್ಕರೆಗೆ, ಒಂದರ ಬದಲು ಇನ್ನೊಂದು ಆಗುವುದಿಲ್ಲವೆಂದು ಆಸ್ಪತ್ರೆಯಲ್ಲಿ ತಿಳಿಯುವಷ್ಟರಲ್ಲಿ ತಡವಾಗಿತ್ತು. ಇಷ್ಟನ್ನೂ ಆ ಹೆಂಗಸಿಗೆ ಹೇಳಿದೆ.

“ಈಗ ಹೆಂಗದಾರ್ರಿ?”

“ಇಲ್ರಿ.”

ಅವರು ಗುಳಿಗೆಯನ್ನು ಚೀಲದೊಳಗೆ ಹಾಕಿ, “ಇವತ್ತ ಡಾಕ್ಟರನ್ನ ಕೇಳ್ತೇನ್ರಿ” ಎಂದರು.

ತಿಳಿಯದಿದ್ದರೆ ಕೇಳಿರೆಂದು ಮಕ್ಕಳಿಗೆ ದಿನವೂ ಹೇಳುತ್ತೇನೆ. ಮನೆಯಲ್ಲಿ ಮಾತ್ರ ನಾನು ಹಾಲು ಬಿಸಿಯಿದೆಯೇ ಎಂದಷ್ಟೇ ಕೇಳುತ್ತಿದ್ದೆ.