ಅಳಿಯಂದಿರ ಅಭ್ಯಂಜನ

ಕನ್ನಡದಲ್ಲಿ ಅಳಿಯನಿಗೆ ಏಕವಚನವಿಲ್ಲ. ವ್ಯಾಕರಣದ ಪುಸ್ತಕದಲ್ಲಿ ಇರಬಹುದು, ಮನೆಯಲ್ಲಿ ಇಲ್ಲ. ಒಬ್ಬನೇ ಒಬ್ಬ ಅಳಿಯ ಬಾಗಿಲಿಗೆ ಬಂದರೂ ‘ಅಳಿಯಂದಿರು ಬಂದರು’ ಎಂದು ಒಳಗೆ ಸುದ್ದಿ ಹೋಗುತ್ತದೆ. ಹೊಸಬರು ಕೇಳಿಸಿಕೊಂಡರೆ ನಾಲ್ಕೈದು ಎಲೆ ಹಾಕಿಯಾರು. ಮಗನನ್ನು ‘ಬಾರೋ’ ಎನ್ನುತ್ತೇವೆ, ದೇವರನ್ನೂ ಭಜನೆಯಲ್ಲಿ ‘ಬಾರೋ’ ಎನ್ನುತ್ತೇವೆ, ಅಳಿಯನಿಗೆ ಮಾತ್ರ ‘ಬನ್ನಿ’.

ನನ್ನ ಅಳಿಯಂದಿರ ಹೆಸರು ಪೀಟರ್. ಹುಟ್ಟಿ ಬೆಳೆದದ್ದು ಡೆಟ್ರಾಯ್ಟಿನಲ್ಲಿ, ಕನ್ನಡ ಒಂದಕ್ಷರ ಬಾರದು. ಆದರೂ ಸ್ಕೋಕಿಯ ನಮ್ಮ ಮನೆಯಲ್ಲಿ ಅವರು ‘ಪೀಟರ್ ಅವರು’. ಈ ಗೌರವಕ್ಕೆ ಪ್ರತಿಯಾಗಿ ಅವರು ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ನನ್ನ ಹೆಸರು ಸೀತಾರಾಮ. ಪೀಟರ್ ಮೊದಲ ದಿನವೇ ಅದರಿಂದ ಸೀತೆಯನ್ನು ಕಾಡಿಗೆ ಕಳಿಸಿ ಬರೀ ‘ರಾಮ್’ ಉಳಿಸಿಕೊಂಡರು.

‘ಅಳಿಯ ಅಲ್ಲ, ಮಗಳ ಗಂಡ’ ಎಂಬ ಗಾದೆ ಮಾಡಿದವರು ಎರಡೂ ಒಂದೇ ಎಂದುಕೊಂಡು ನಕ್ಕರು. ಒಂದೇ ಅಲ್ಲ ಸ್ವಾಮಿ. ಮಗಳ ಗಂಡ ಮದುವೆಯ ದಿನವೇ ಸಿಕ್ಕಿಬಿಡುತ್ತಾನೆ. ಅಳಿಯ ಸಿಗುವುದು ಅದೃಷ್ಟವಿದ್ದರೆ, ಆಮೇಲೆ ಯಾವಾಗಲೋ. ಈ ಹುಡುಗ ನನಗೆ ಆರು ತಿಂಗಳಿನಿಂದ ಮಗಳ ಗಂಡನಾಗಿಯೇ ಉಳಿದಿದ್ದ. ನೋಡಿ, ಬರೆಯುವ ಭರದಲ್ಲಿ ‘ಹುಡುಗ’ ಎಂದುಬಿಟ್ಟೆ. ಅದು ಹೇಗೆ ಬಂತು ಎನ್ನುವುದೇ ಈ ಕಥೆ.

ದೀಪಾವಳಿಗೆ ಮುಂಚೆ ಮಗಳು ನಂದಿನಿ ಡೆಟ್ರಾಯ್ಟ್ ಪಕ್ಕದ ಲಿವೋನಿಯಾದಿಂದ ಫೋನ್ ಮಾಡಿದಳು. ಅವಳು ಡಾಕ್ಟರು, ಹಬ್ಬಕ್ಕೆ ರಜವಿಲ್ಲ, ನಾವೇ ಹೋಗುವುದೆಂದು ಮಾತಾಗಿತ್ತು. ಅದೂ ಇದೂ ಮಾತಾಡಿ ಕೊನೆಗೆ ಹೇಳಿದಳು:

“ಅಪ್ಪಾ, ಹಿ ಥಿಂಕ್ಸ್ ಯು ಡೋಂಟ್ ಲೈಕ್ ಹಿಮ್.”

“ಯಾಕಮ್ಮಾ? ನಾನು ಅವರಿಗೆ ಎಷ್ಟು ಮರ್ಯಾದೆ ಕೊಡ್ತೀನಿ! ಒಂದು ದಿನ ಆದ್ರೂ ‘ಅವನು’ ಅಂದಿದೀನಾ?”

“ಎಕ್ಸಾಕ್ಟ್‌ಲೀ. ಯು ಸೇ ‘ಅವರು’ ಫಾರ್ ದ ಡೆಂಟಿಸ್ಟ್.”

ನನಗೆ ಚುಚ್ಚಿತು. ಡೆಂಟಿಸ್ಟರನ್ನು ಕಂಡರೆ ನನಗೆ ಗೌರವವೂ ಇದೆ, ಭಯವೂ ಇದೆ. ಅವರೊಡನೆ ನಾನು ಈವರೆಗೆ ನಕ್ಕಿಲ್ಲ ಎನ್ನುವುದೂ ನಿಜ.

ಹೆಂಡತಿ ಶಾರದಾ ವಾರ ಮೊದಲೇ ಲಿವೋನಿಯಾ ಸೇರಿದ್ದಳು. ಅಲ್ಲಿ ಅವಳಿಗೂ ಒಂದು ಬೇಸರ ಕಾದಿತ್ತು. ಮೊದಲ ದೀಪಾವಳಿ, ಅಳಿಯಂದಿರಿಗೆ ಎಣ್ಣೆ ನೀರು ಹಾಕಬೇಕು. ಮಗಳು, ಹಿಂದೊಮ್ಮೆ ಅಮ್ಮನ ಎಣ್ಣೆ ಸ್ನಾನದಿಂದ ಟಬ್ಬು ಕಟ್ಟಿಕೊಂಡು ಪ್ಲಂಬರ್ ಬಂದದ್ದನ್ನು ನೆನೆದು, “ನೋ ಆಯಿಲ್ ಇನ್ ಮೈ ಟಬ್” ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ನರಕಾಸುರನನ್ನು ಕೊಂದಾಗ ಶ್ರೀಕೃಷ್ಣನಿಗೆ ಈ ತೊಂದರೆ ಇರಲಿಲ್ಲ. “ಎಳ್ಳೆಣ್ಣೆ ಬಾಟ್ಲಿ ಅಲ್ಲೇ ಬಿಟ್ಟುಬಂದಿದೀನಿ, ತನ್ನಿ. ನೆತ್ತಿಗೆ ನಾಲ್ಕು ತೊಟ್ಟಾದ್ರೂ ಮುಟ್ಟಿಸ್ತೀನಿ” ಎಂದಳು ಶಾರದಾ ಫೋನಿನಲ್ಲಿ. ಪೀಟರ್ ತಲೆ ನುಣ್ಣಗೆ ಬೋಳಿಸಿಕೊಳ್ಳುವವರು. ನಾಲ್ಕು ತೊಟ್ಟು ಅಲ್ಲಿ ನಿಲ್ಲುವುದೇ ಅನುಮಾನ ಎಂದು ನಾನು ಹೇಳಲಿಲ್ಲ.

ಪೀಟರ್ ಅದೇ ವಾರ ಆಫೀಸಿನ ಕೆಲಸಕ್ಕೆ ನಮ್ಮೂರಿನ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿಗೆ ಬಂದಿದ್ದರು. ಹಿಂದಿರುಗುವಾಗ ನನ್ನನ್ನೂ ಕರೆದೊಯ್ಯುವುದೆಂದು ತಾಯಿ ಮಗಳು ಏರ್ಪಾಡು ಮಾಡಿದರು. ಐದು ಗಂಟೆ ಡ್ರೈವು, ಕಾರಿನಲ್ಲಿ ನಾವಿಬ್ಬರೇ. ಇಂಡಿಯಾನಾ ಬರುವಷ್ಟರಲ್ಲಿ ಹವಾಮಾನದ ಮಾತು ಮುಗಿಯಿತು. ಕಲಮಜೂ ಬರುವಷ್ಟರಲ್ಲಿ ರಸ್ತೆ ರಿಪೇರಿಯೂ ಕಾರಿನ ಮೈಲೇಜೂ ಮುಗಿದವು. ಆಮೇಲೆ ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ. ಪೀಟರ್ ಪಾಪ, ನಂಬಿದವರಂತೆ ರೇಡಿಯೋ ಸಣ್ಣಗೆ ಮಾಡಿದರು.

ಕಣ್ಣು ತೆರೆದಾಗ ಲಿವೋನಿಯಾದ ಎಕ್ಸಿಟ್ ಹಿಂದೆ ಬಿದ್ದಿತ್ತು. ಗಾಬರಿಯಾಗಿ ಕೇಳಿದರೆ ಪೀಟರ್ ಸಂಕೋಚದಿಂದ ವಿವರಿಸಿದರು. ಹಬ್ಬಕ್ಕೆ ಸ್ನಾನವೇ ಮುಖ್ಯ ಎಂದು ನಂದಿನಿ ಹೇಳಿದ್ದಳಂತೆ. ಟಬ್ಬಿನ ವಿಷಯಕ್ಕೆ ಅತ್ತೆಗೆ ಬೇಜಾರಾದದ್ದೂ ಗೊತ್ತಂತೆ. ಡೆಟ್ರಾಯ್ಟ್ ಊರೊಳಗೆ ತಾತನ ಕಾಲದ ಒಂದು ಬಿಸಿಸ್ನಾನದ ಮನೆ ಇದೆ, ರಾಮ್‌ಗೆ ಅಡ್ಡಿಯಿಲ್ಲದಿದ್ದರೆ ಹೋಗೋಣವೇ ಎಂದರು. ಗಡಿಯಾರ ನೋಡಿದೆ. ಇಲ್ಲಿ ಸಂಜೆ, ಮೈಸೂರಿನಲ್ಲಿ ಚತುರ್ದಶಿಯ ಬೆಳಗಿನ ಜಾವ, ಸರಿಯಾಗಿ ಎಣ್ಣೆ ನೀರಿನ ಹೊತ್ತು. ಇಲ್ಲವೆನ್ನಲು ಶಾಸ್ತ್ರದಲ್ಲಿ ದಾರಿಯೇ ಕಾಣಲಿಲ್ಲ.

ಹಳೆಯ ಇಟ್ಟಿಗೆ ಕಟ್ಟಡ, ಒಳಗೆ ತೇವದ ಮರದ ವಾಸನೆ. ಗೋಡೆಯ ಮೇಲಿನ ಬೋರ್ಡು ಎರಡು ವಿಧಿಗಳನ್ನು ಸಾರುತ್ತಿತ್ತು: ಸ್ನಾನಕ್ಕೆ ಮುಂಚೆ ಸ್ನಾನ ಮಾಡತಕ್ಕದ್ದು, ಮೈಗೆ ಎಣ್ಣೆ ಹಚ್ಚಿಕೊಂಡು ನೀರಿಗಿಳಿಯಕೂಡದು. ಮೊದಲನೆಯದನ್ನು ಓದಿ, ಇವರೂ ನಮ್ಮ ಹಾಗೆ ಮಡಿಯವರು ಎಂದು ಅಭಿಮಾನಪಟ್ಟೆ. ಎರಡನೆಯದನ್ನು ಓದಿ ಚೀಲದಲ್ಲಿದ್ದ ಬಾಟಲಿಯನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ.

ಉಡಲು ಒಂದೊಂದು ಬಿಳಿ ಬಟ್ಟೆ ಕೊಟ್ಟರು. ನನ್ನನ್ನು ಪರೀಕ್ಷಿಸುವ ಡಾಕ್ಟರಲ್ಲದೆ ಹೊರಗಿನವರಾರೂ ನನ್ನನ್ನು ಬನಿಯನ್ ಇಲ್ಲದೆ ಕಂಡಿಲ್ಲ. ಆದರೆ ಬಟ್ಟೆ ಕೈಗೆ ಬಂದಾಗ ಧೈರ್ಯ ಬಂತು. ಪಂಚೆ ಕಟ್ಟಿದ ಕೈ ಇದು. ಪೀಟರ್ ಅವರದು ಹೆಜ್ಜೆ ಹೆಜ್ಜೆಗೂ ಜಾರುತ್ತಿತ್ತು. ಕೊನೆಗೆ ನೋಡಲಾರದೆ ನಾನೇ ಅವರ ಸೊಂಟಕ್ಕೆ ಬಿಗಿದು ಕಟ್ಟಿಕೊಟ್ಟೆ. ಆರು ತಿಂಗಳಲ್ಲಿ ನಾನು ಅವರಿಗೆ ಮಾಡಿದ ಮೊದಲ ಉಪಕಾರ.

ಕಾದ ಕಲ್ಲಿನ ಕೋಣೆಯಲ್ಲಿ ಉಸಿರೂ ಸುಡುತ್ತಿತ್ತು. ಮಾವನಾದವನು ಅಳಿಯನಾಗುವವನ ಬೆವರಿಳಿಸಬೇಕೆಂಬುದು ಲೋಕರೂಢಿ. ಮದುವೆಗೆ ಮುಂಚೆ ಮರ್ಯಾದೆಗೆ ಅಂಜಿ ನಾನು ಆ ಕೆಲಸ ಮಾಡಿರಲಿಲ್ಲ. ಈಗ ಅಳಿಯಂದಿರು ನನ್ನ ಬೆವರಿಳಿಸುತ್ತಿದ್ದರು. ಅಷ್ಟಕ್ಕೇ ಮುಗಿಯಲಿಲ್ಲ. ಎಲೆಗಳಿದ್ದ ಓಕ್ ರೆಂಬೆಗಳ ಒಂದು ಕಟ್ಟನ್ನು ಸೋಪಿನ ನೀರಿಗದ್ದಿ ಬಂದ ಪೀಟರ್, ನನ್ನನ್ನು ಬೋರಲು ಮಲಗುವಂತೆ ಕೇಳಿಕೊಂಡರು. ಇದರಲ್ಲಿ ಬೆನ್ನಿಗೆ ಹೊಡೆಯುವುದು ಇಲ್ಲಿಯ ಪದ್ಧತಿಯಂತೆ. ಅವರ ತಾಯಿಯ ತಂದೆ, ಕಾರಿನ ಕಾರ್ಖಾನೆಯಲ್ಲಿದ್ದವರು, ಹಬ್ಬದ ಹಿಂದಿನ ದಿನ ಇಲ್ಲಿಗೆ ಬಂದರೆ ಪೀಟರ್ ಅವರ ಅಪ್ಪನೇ ಹೊಡೆಯಬೇಕಂತೆ. ಅದು ಅಳಿಯನ ಹಕ್ಕು. ಹೇಳುವಾಗ ಅವರ ದನಿ ಅಳುಕುತ್ತಿತ್ತು. ಬೇಡವೆಂದರೆ ಕಟ್ಟನ್ನು ಕೆಳಗಿಟ್ಟು ಮತ್ತೆ ಹವಾಮಾನಕ್ಕೆ ಹಿಂದಿರುಗುತ್ತಿದ್ದರು. ನಾನು ಮಲಗಿದೆ.

ನಮ್ಮ ಕಡೆ ಸೊಪ್ಪಿನಲ್ಲಿ ಹೊಡೆಯುವುದು ದೆವ್ವ ಬಿಡಿಸಲಿಕ್ಕೆ. ಮೊದಲ ಏಟು ಚೆನ್ನಾಗಿತ್ತು, ಎರಡನೆಯದು ಪರವಾಗಿಲ್ಲ ಎನಿಸಿತು. ಮುಂದಿನದಕ್ಕೆ ನನ್ನ ಬಾಯಿಂದ ಹೊರಟಿತು:

“ಅಯ್ಯೋ, ಸಾಕು ಮಾರಾಯಾ, ನಿಲ್ಸೋ!”

ಪೀಟರ್‌ಗೆ ಅದು ಶಹಬಾಸ್‌ಗಿರಿಯಂತೆ ಕೇಳಿಸಿತೋ ಏನೋ, ಇನ್ನೆರಡು ಜೋರಾಗಿ ಬಿಟ್ಟರು. ಅರ್ಥ ಹೇಳಿದ ಮೇಲೆ ಇಬ್ಬರೂ ನಗಲಾರಂಭಿಸಿದೆವು. ಆ ಸೆಕೆಯಲ್ಲಿ ನಗಲು ಉಸಿರು ಸಾಲದು, ಆದರೂ ನಿಲ್ಲಲಿಲ್ಲ. ಕೊನೆಗೆ ಪೀಟರ್ ಒಂದು ಬಕೆಟ್ ತಣ್ಣೀರು ತಂದು ನನ್ನ ತಲೆಯ ಮೇಲೆ ಸುರಿದರು.

ಬಟ್ಟೆ ಬದಲಿಸುವ ಕೋಣೆಗೆ ಬಂದು ಬೋರ್ಡನ್ನು ಮತ್ತೆ ಓದಿದೆ. ಎಣ್ಣೆ ಹಚ್ಚಿಕೊಂಡು ನೀರಿಗಿಳಿಯಬಾರದು ಎಂದಿತ್ತೇ ಹೊರತು, ನೀರಿನಿಂದ ಎದ್ದು ಬಂದವರ ವಿಚಾರ ಎತ್ತಿರಲಿಲ್ಲ. ಮೊದಲು ನೀರು, ಆಮೇಲೆ ಎಣ್ಣೆ. ನಮ್ಮಜ್ಜಿ ಇದ್ದಿದ್ದರೆ ಇಬ್ಬರನ್ನೂ ಮನೆಗೆ ಸೇರಿಸುತ್ತಿರಲಿಲ್ಲ. ಬಾಟಲಿ ತೆರೆದು, ಬೆಂಚಿನ ಮೇಲೆ ಕೂತ ಪೀಟರ್ ನೆತ್ತಿಗೆ ಅಂಗೈ ತುಂಬ ಎಣ್ಣೆ ಹಾಕಿ ಚಪ್ಪರಿಸಿದೆ. ಕೂದಲಿಲ್ಲದ ತಲೆ ಎಷ್ಟು ಬೆಚ್ಚಗಿರುತ್ತದೆ, ಮಗುವಿನದರ ಹಾಗೆ! ಎಣ್ಣೆ ಹುಬ್ಬು ದಾಟಿ ಕಣ್ಣಿಗಿಳಿಯಿತು.

“ನಿಲ್ಸೋ, ರಾಮ್!” ಎಂದರು ಪೀಟರ್.

ಮಾವನಿಗೆ ‘ನಿಲ್ಸೋ’ ಎಂದ ಅಳಿಯ ನಮ್ಮ ವಂಶದಲ್ಲಿ ಇಲ್ಲ. ನನಗೆ ಆದ ಸಂತೋಷ ಹೇಳತೀರದು.

ಲಿವೋನಿಯಾದಲ್ಲಿ ಬಾಗಿಲು ತೆರೆದ ಶಾರದಾ, ಮಿರಮಿರ ಮಿಂಚುವ ತಲೆ ನೋಡಿ ಬೆರಗಾದಳು. ಆಸೆ ತಡೆಯದೆ ನನ್ನ ಕೈಯ ಬಾಟಲಿ ಕಸಿದು, ತಾನೂ ಒಂದು ಅಂಗೈ ಹಾಕಿದಳು.

“ನಿಲ್ಸೋ!” ಎಂದಿತು ತಲೆ.

ಶಾರದಾ ಕೈ ಹಿಂದೆಗೆದಳು. “ಅಯ್ಯೋ ರಾಮ! ಇವರಿಗೆ ಇದನ್ನ ಯಾರು ಕಲಿಸಿದ್ದು?”

“ನಾನಲ್ಲ ಕಣೇ,” ಎಂದೆ, “ಅವನೇ ಕಲ್ತ್ಕೊಂಡ.”

“ಅಳಿಯಂದಿರನ್ನ ಅವನು ಅಂತೀರಲ್ರೀ!” ಎಂದು ಶಾರದಾ ಗದರಿದಳು.

ನಂದಿನಿ ಆಸ್ಪತ್ರೆಯ ಬಟ್ಟೆಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಇಲ್ಲೇ ಹುಟ್ಟಿದವಳು, ಅವಳಿಗೆ ಕನ್ನಡದಲ್ಲಿ ಅರ್ಧ ಕೇಳಿಸುತ್ತದೆ, ಅರ್ಧ ಬಿಟ್ಟುಹೋಗುತ್ತದೆ. ಅಂದು ಕೇಳಿಸಬೇಕಾದ ಅರ್ಧವೇ ಕೇಳಿಸಿತ್ತು.